ಸೈಕೆಡೆಲಿಕ್ ಟ್ರಾನ್ಸ್

ಸೈಕೆಡೆಲಿಕ್ ಟ್ರಾನ್ಸ್ ಎಂಬುದು ವಿದ್ಯುನ್ಮಾನ ನೃತ್ಯ ಸಂಗೀತದ ಒಂದು ಪ್ರಕಾರ. ಸಂಕ್ಷಿಪ್ತವಾಗಿ ಇದನ್ನು ಸೈಟ್ರಾನ್ಸ್ ಎಂದು ಕರೆಯಲಾಗುತ್ತದೆ. 1990ರ ದಶಕದ ಆರಂಭದಲ್ಲಿ ಗೋವಾದ ಕಡಲತೀರಗಳ ರಾತ್ರಿಕೂಟಗಳಲ್ಲಿ ರೂಪುಗೊಂಡ ಗೋವಾ ಟ್ರಾನ್ಸ್ ಇದರ ಮೂಲ. ವೇಗವಾದ ಸಮಗತಿಯ ತಾಳ, ಎಡೆಬಿಡದ ಮಂದ್ರಸ್ವರಗಳ ಹರಿವು, ಪದರಪದರವಾಗಿ ಸೇರಿಕೊಳ್ಳುವ ಸಿಂಥಸೈಜರ್ ನಾದ ಹಾಗೂ ದೀರ್ಘ ಅವಧಿ ಇದರ ಮುಖ್ಯ ಲಕ್ಷಣಗಳು. ಹಾಡುಗಾರಿಕೆಗೆ ಇದರಲ್ಲಿ ಸ್ಥಾನ ಕಡಿಮೆ. ಬ್ರಿಟನ್ನಿನ ಸೈಮನ್ ಪೋಸ್ಫರ್ಡ್ 'ಹಲೂಸಿನೋಜೆನ್' ಎಂಬ ಹೆಸರಿನಲ್ಲಿ 1995ರಲ್ಲಿ ಹೊರತಂದ 'ಟ್ವಿಸ್ಟೆಡ್' ಆಲ್ಬಮ್ ಈ ಪ್ರಕಾರದ ಪ್ರಮುಖ ಕೃತಿಗಳಲ್ಲಿ ಒಂದು. ಕರ್ನಾಟಕದಲ್ಲಿ ಈ ಸಂಗೀತದ ಹೆಸರು ಗೋಕರ್ಣದ ಕಡಲತೀರಗಳೊಂದಿಗೆ ಹಾಗೂ ಹಂಪಿಯ ಎದುರುದಂಡೆಯಲ್ಲಿರುವ ವಿರೂಪಾಪುರ ಗಡ್ಡೆಯೊಂದಿಗೆ ಸೇರಿಕೊಂಡಿದೆ.

ಹೆಸರು

'ಸೈಕೆಡೆಲಿಕ್' ಎಂಬ ಪದವನ್ನು ಬ್ರಿಟಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಯೊಡನೆ ನಡೆದ ಪತ್ರವ್ಯವಹಾರದಲ್ಲಿ ರಚಿಸಿದನು. ಗ್ರೀಕ್ ಮೂಲದ ಈ ಪದಕ್ಕೆ 'ಮನಸ್ಸನ್ನು ತೋರ್ಪಡಿಸುವ' ಎಂಬ ಅರ್ಥವಿದೆ. ಎಲ್‌ಎಸ್‌ಡಿಯಂತಹ ಭ್ರಮಾಜನಕ ವಸ್ತುಗಳನ್ನು ಸೂಚಿಸಲು ಹುಟ್ಟಿದ ಈ ಪದ 1960ರ ದಶಕದಲ್ಲಿ ರಾಕ್ ಸಂಗೀತಕ್ಕೂ ಚಿತ್ರಕಲೆಗೂ ಅಂಟಿಕೊಂಡಿತು. 'ಟ್ರಾನ್ಸ್' ಎಂದರೆ ಮೈಮರೆವಿನ ಸ್ಥಿತಿ. 'ಗೋವಾ ಟ್ರಾನ್ಸ್' ಎಂಬ ಹೆಸರು 1990ರ ದಶಕದ ಮಧ್ಯಭಾಗದಲ್ಲಿ ಯುರೋಪಿನ ಧ್ವನಿಮುದ್ರಣ ಸಂಸ್ಥೆಗಳ ಮೂಲಕ ಚಲಾವಣೆಗೆ ಬಂದಿತು. ಆ ದಶಕದ ಕೊನೆಗೆ ನಾದದ ಸ್ವರೂಪ ಬದಲಾದಂತೆ 'ಸೈಕೆಡೆಲಿಕ್ ಟ್ರಾನ್ಸ್' ಎಂಬ ಹೆಸರು ಹೆಚ್ಚು ಬಳಕೆಯಾಯಿತು. ಕನ್ನಡ ಪತ್ರಿಕೆಗಳಲ್ಲಿ ಇದು ಬಹುಮಟ್ಟಿಗೆ 'ರೇವ್ ಪಾರ್ಟಿ' ಎಂಬ ಒಂದೇ ಪದದ ಅಡಿಯಲ್ಲಿ, ಪೊಲೀಸ್ ಸುದ್ದಿಯಾಗಿ ಬರುತ್ತದೆ. ಆ ಪದ ಕೂಟವನ್ನು ಹೇಳುತ್ತದೆಯೇ ಹೊರತು ಅಲ್ಲಿ ನುಡಿಸುವ ಸಂಗೀತ ಯಾವುದೆಂಬುದನ್ನು ಹೇಳುವುದಿಲ್ಲ.

ಗೋವಾದ ಹಿನ್ನೆಲೆ

1961ರಲ್ಲಿ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ ಕೆಲವೇ ವರ್ಷಗಳಲ್ಲಿ ಯುರೋಪ್ ಮತ್ತು ಅಮೆರಿಕದ ಹಿಪ್ಪಿ ಪ್ರವಾಸಿಗರು ಗೋವಾದ ಕಲಂಗುಟ್, ಅಂಜುನಾ ತೀರಗಳಿಗೆ ಬರತೊಡಗಿದರು. ಚಳಿಗಾಲವನ್ನು ಅಲ್ಲಿ ಕಳೆದು ಬೇಸಿಗೆಗೆ ಹಿಮಾಚಲ, ನೇಪಾಳಗಳ ಕಡೆಗೆ ಹೋಗುವುದು ಅವರ ವಾಡಿಕೆಯಾಗಿತ್ತು. ಹುಣ್ಣಿಮೆಯ ರಾತ್ರಿ ತೀರದಲ್ಲಿ ಸೇರಿ ಬೆಳಗಿನವರೆಗೆ ಕುಣಿಯುವ ಪದ್ಧತಿ ಆಗಲೇ ಬೆಳೆಯಿತು. 1970ರ ದಶಕದಲ್ಲಿ ಅಲ್ಲಿ ಕೇಳಿಬರುತ್ತಿದ್ದುದು ರಾಕ್ ಮತ್ತು ರೆಗ್ಗೆ.

1980ರ ದಶಕದಲ್ಲಿ ಕೆಲವು ಡಿಜೆಗಳು ಯುರೋಪಿನ ವಿದ್ಯುನ್ಮಾನ ಸಂಗೀತವನ್ನು ನುಡಿಸಲು ಆರಂಭಿಸಿದರು. ಫ್ರಾನ್ಸಿನ ಲೊರಾಂ ಇಂತಹವರಲ್ಲಿ ಒಬ್ಬ. ಅವನು ಹಾಡುಗಳ ಗಾಯನ ಭಾಗವನ್ನು ಕತ್ತರಿಸಿ, ವಾದ್ಯಭಾಗಗಳನ್ನಷ್ಟೇ ಕ್ಯಾಸೆಟ್ಟುಗಳಲ್ಲಿ ಜೋಡಿಸಿ ನುಡಿಸುತ್ತಿದ್ದನು. ಮಾತಿಲ್ಲದ ಸಂಗೀತವೇ ಮುಂದೆ ಈ ಪ್ರಕಾರದ ರೂಢಿಯಾಯಿತು. ಇನ್ನೊಬ್ಬ ಪ್ರಮುಖ, ಕ್ಯಾಲಿಫೋರ್ನಿಯಾದ ಗಿಲ್ಬರ್ಟ್ ಲೆವಿ. 'ಗೋವಾ ಗಿಲ್' ಎಂದೇ ಪ್ರಸಿದ್ಧನಾದ ಇವನು (1951–2023) 1970ರಲ್ಲಿ ಗೋವಾಕ್ಕೆ ಬಂದನು, ಜೂನಾ ಅಖಾಡದಲ್ಲಿ ಸಾಧು ದೀಕ್ಷೆ ಪಡೆದನು, 24 ಗಂಟೆಗಳಷ್ಟು ದೀರ್ಘವಾಗಿ ಒಬ್ಬನೇ ಸಂಗೀತ ನುಡಿಸುವುದಕ್ಕೆ ಹೆಸರಾದನು.

ಈ ಕೂಟಗಳಲ್ಲಿ ಸ್ಥಳೀಯರ ಪಾತ್ರ ಬೇರೆ ಬಗೆಯದು. ಸುತ್ತಲಿನ ಹಳ್ಳಿಗಳ ಹೆಂಗಸರು ಚಾಪೆ ಹಾಸಿ, ಸೀಮೆಎಣ್ಣೆ ದೀಪ ಹಚ್ಚಿ, ರಾತ್ರಿಯಿಡೀ ಚಹಾ ಮತ್ತು ತಿಂಡಿ ಮಾರುತ್ತಿದ್ದರು. ಗೋವಾದ ಹೆಸರನ್ನು ಹೊತ್ತ ಸಂಗೀತದ ಇತಿಹಾಸದಲ್ಲಿ ಸಂಗೀತಗಾರರಾಗಿ ಗೋವನ್ನರ ಹೆಸರು ಅಪರೂಪ ಎಂಬ ಆಕ್ಷೇಪಕ್ಕೆ ಇದೇ ಮೂಲ. ಕೊಂಕಣಿ ಜಾನಪದವಾಗಲಿ ಗೋವಾದ ಮಾಂಡೊ ಹಾಡುಗಳಾಗಲಿ ಈ ಸಂಗೀತದೊಳಗೆ ಬಂದಿಲ್ಲ. ಗೋವಾ ಕೊಟ್ಟದ್ದು ಸ್ವರಗಳನ್ನಲ್ಲ, ಸನ್ನಿವೇಶವನ್ನು.

ಟೇಪು ಮತ್ತು ರಚನೆಯ ಸ್ವರೂಪ

ಆ ಸನ್ನಿವೇಶ ಸಂಗೀತದ ರಚನೆಯನ್ನೇ ಬದಲಿಸಿತು. ಯುರೋಪಿನ ನೃತ್ಯಶಾಲೆಗಳಲ್ಲಿ ಡಿಜೆಗಳು ವಿನೈಲ್ ತಟ್ಟೆಗಳನ್ನು ಬಳಸುತ್ತಿದ್ದರು. ತಟ್ಟೆ ತಿರುಗುವ ವೇಗವನ್ನು ಹೆಚ್ಚುಕಡಿಮೆ ಮಾಡಿ ಒಂದು ಹಾಡಿನ ತಾಳವನ್ನು ಇನ್ನೊಂದರ ತಾಳಕ್ಕೆ ಹೊಂದಿಸುವುದು ಅಲ್ಲಿನ ಕೌಶಲ. ಗೋವಾದ ಬಿಸಿಲಿಗೆ ವಿನೈಲ್ ತಟ್ಟೆ ಬಾಗುತ್ತಿತ್ತು, ಮರಳು ಮತ್ತು ದೂಳು ಅದಕ್ಕೆ ಶತ್ರು. ಬೆನ್ನಚೀಲದಲ್ಲಿ ದೇಶದಿಂದ ದೇಶಕ್ಕೆ ಸಾಗಿಸಲು ಅದು ಭಾರವೂ ಹೌದು. ಹೀಗಾಗಿ ಇಲ್ಲಿ ಮೊದಲು ಕ್ಯಾಸೆಟ್, 1987ರಲ್ಲಿ ಸೋನಿ ಸಂಸ್ಥೆ ಡಿಜಿಟಲ್ ಆಡಿಯೊ ಟೇಪನ್ನು ಮಾರುಕಟ್ಟೆಗೆ ತಂದ ಮೇಲೆ 'ಡ್ಯಾಟ್' ಎಂದು ಕರೆಯಲಾಗುವ ಆ ಪುಟ್ಟ ಟೇಪು ಬಳಕೆಗೆ ಬಂದವು. ಲಂಡನ್ನಿನ ಸ್ಟುಡಿಯೊದಲ್ಲಿ ಸಿದ್ಧವಾದ ಕೃತಿಯನ್ನು ಆಲ್ಬಮ್ ಆಗುವ ಮುನ್ನವೇ ಡ್ಯಾಟ್‌ಗೆ ನಕಲು ಮಾಡಿಕೊಂಡು ಗೋವಾದಲ್ಲಿ ನುಡಿಸಬಹುದಿತ್ತು. ಡಿಜೆಗಳ ನಡುವೆ ಟೇಪುಗಳ ವಿನಿಮಯ ನಡೆಯುತ್ತಿತ್ತು. ಯಾವ ಟೇಪು ಯಾರ ಬಳಿ ಇದೆ ಎಂಬುದೇ ಪ್ರತಿಷ್ಠೆಯ ಸಂಗತಿಯಾಗಿತ್ತು.

ಸಾಮಾನ್ಯ ಡ್ಯಾಟ್ ಯಂತ್ರದಲ್ಲಿ ವೇಗವನ್ನು ಬದಲಿಸುವ ಸೌಲಭ್ಯವಿರಲಿಲ್ಲ. ಎರಡು ಕೃತಿಗಳ ತಾಳವನ್ನು ಒಂದರ ಮೇಲೊಂದು ಕೂರಿಸುವುದು ಸಾಧ್ಯವಾಗದ ಕಾರಣ, ಒಂದು ಮುಗಿಯುವಾಗ ಇನ್ನೊಂದನ್ನು ಮೆಲ್ಲನೆ ಒಳತರಬೇಕಾಗುತ್ತಿತ್ತು. ಇದಕ್ಕೆ ಅನುಕೂಲವಾಗುವಂತೆ ಸಂಗೀತಗಾರರು ಕೃತಿಯ ಆರಂಭ ಮತ್ತು ಅಂತ್ಯಗಳನ್ನು ತಾಳವಿಲ್ಲದ, ನಿಧಾನವಾದ ನಾದದಿಂದ ಕಟ್ಟಿದರು. ನಡುವೆ ತಾಳ ಹುಟ್ಟಿ, ಪದರಗಳು ಸೇರಿ, ಉತ್ತುಂಗಕ್ಕೆ ಏರಿ, ಮತ್ತೆ ಇಳಿಯುತ್ತದೆ. ಪ್ರತಿ ಕೃತಿಯೂ ತನ್ನಷ್ಟಕ್ಕೆ ಪೂರ್ಣವಾಗಿ, 7ರಿಂದ 10 ನಿಮಿಷಗಳಷ್ಟು ದೀರ್ಘವಾಗಿ ಬೆಳೆದದ್ದು ಈ ಕಾರಣದಿಂದ. ಒಂದು ಯಂತ್ರದ ಕೊರತೆ ಹೀಗೆ ಒಂದು ಪ್ರಕಾರದ ಲಕ್ಷಣವಾಯಿತು. ಯಂತ್ರ ಮೂಲೆಗುಂಪಾದ ಮೇಲೂ ಲಕ್ಷಣ ಉಳಿದುಕೊಂಡಿದೆ.

ಸಂಗೀತ ಲಕ್ಷಣಗಳು

ಸೈಕೆಡೆಲಿಕ್ ಟ್ರಾನ್ಸಿನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 140ರಿಂದ 150 ಬೀಟ್. ಪ್ರತಿ ಬೀಟಿಗೂ ಒಂದು ಡ್ರಮ್ ಪೆಟ್ಟು ಬೀಳುತ್ತದೆ. ಎರಡು ಪೆಟ್ಟುಗಳ ನಡುವಿನ ಜಾಗವನ್ನು ಮೂರು ಚುರುಕಾದ ಮಂದ್ರಸ್ವರಗಳು ತುಂಬುತ್ತವೆ. ಚತುರಶ್ರ ಗತಿಯಲ್ಲಿ ಒಂದು ಅಕ್ಷರಕಾಲವನ್ನು ನಾಲ್ಕಾಗಿ ಒಡೆದು, ಮೊದಲನೆಯದನ್ನು ಡ್ರಮ್ಮಿಗೂ ಉಳಿದ ಮೂರನ್ನು ಬೇಸಿಗೂ ಕೊಟ್ಟಂತೆ ಇದನ್ನು ಊಹಿಸಿಕೊಳ್ಳಬಹುದು. ನಿಮಿಷಕ್ಕೆ 145 ಬೀಟ್ ಇದ್ದಾಗ ಒಂದೊಂದು ಸ್ವರಕ್ಕೆ ಸಿಗುವ ಕಾಲ ಸೆಕೆಂಡಿನ ಹತ್ತನೇ ಒಂದು ಭಾಗ. ಇಷ್ಟು ವೇಗದಲ್ಲಿ ಕಿವಿ ಬಿಡಿ ಸ್ವರಗಳನ್ನು ಎಣಿಸುವುದಿಲ್ಲ, ಒಂದೇ ಹರಿವಾಗಿ ಕೇಳುತ್ತದೆ.

ನಾದದ ಮುಖ್ಯ ಸಾಧನ ಸಿಂಥಸೈಜರ್. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಬಿ-303 ಯಂತ್ರದ ಹಿಂಡಿದಂತಹ, ಜಾರುವ ದನಿ ಗೋವಾ ಟ್ರಾನ್ಸಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಒಂಟಿಯಾಗಿ ಅಭ್ಯಾಸ ಮಾಡುವ ವಾದಕರಿಗೆ ಬೇಸ್ ಗಿಟಾರಿನ ಸಾಥ್ ಕೊಡಲೆಂದು 1980ರ ದಶಕದ ಆರಂಭದಲ್ಲಿ ತಯಾರಾದ ಈ ಯಂತ್ರ ಮಾರಾಟದಲ್ಲಿ ಸೋತಿತು. ಅಗ್ಗಕ್ಕೆ ಸಿಕ್ಕ ಹಳೆಯ ಯಂತ್ರಗಳನ್ನು ತಿರುಚಿ ನುಡಿಸಿದ ಶಿಕಾಗೊ ನಗರದ ಯುವಕರಿಂದ 1987ರ ಸುಮಾರಿಗೆ ಆಸಿಡ್ ಹೌಸ್ ಎಂಬ ಪ್ರಕಾರ ಹುಟ್ಟಿತು. ಗೋವಾ ಟ್ರಾನ್ಸ್ ಅದರಿಂದ ಬಹಳಷ್ಟು ಪಡೆಯಿತು. ಇದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣ್‌ಜಿತ್ ಸಿಂಗ್ ಇದೇ ಯಂತ್ರದಲ್ಲಿ ಹತ್ತು ಹಿಂದುಸ್ತಾನಿ ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ನುಡಿಸಿದ ಆಲ್ಬಮ್ ಹೊರಬಂದಿತ್ತು. ಅದು ಆಗ ಯಾರ ಗಮನಕ್ಕೂ ಬರಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಲೋಕಕ್ಕೆ ಅಚ್ಚರಿಯಾಯಿತು. ಆದರೆ ಗೋವಾದ ಸಂಗೀತದ ಮೇಲೆ ಅದು ಪ್ರಭಾವ ಬೀರಿತೆನ್ನಲು ಆಧಾರವಿಲ್ಲ.

ಸ್ವರಶ್ರೇಣಿಯ ಆಯ್ಕೆಯಲ್ಲಿ ಕನ್ನಡ ಓದುಗರಿಗೆ ಪರಿಚಿತವಾದ ಸಂಗತಿಯೊಂದಿದೆ. ಗೋವಾ ಟ್ರಾನ್ಸಿನಲ್ಲಿ 'ಪೂರ್ವದೇಶದ' ಛಾಯೆಗಾಗಿ ಹೆಚ್ಚು ಬಳಕೆಯಾದದ್ದು ಪಾಶ್ಚಾತ್ಯ ಶಾಸ್ತ್ರ ಫ್ರಿಜಿಯನ್ ಮತ್ತು ಫ್ರಿಜಿಯನ್ ಡಾಮಿನೆಂಟ್ ಎಂದು ಕರೆಯುವ ಶ್ರೇಣಿಗಳು. ಮೊದಲನೆಯದು ಕರ್ನಾಟಕ ಸಂಗೀತದ 8ನೆಯ ಮೇಳವಾದ ಹನುಮತೋಡಿಗೆ ಸಮ. ಎರಡನೆಯದು 14ನೆಯ ಮೇಳವಾದ ವಕುಲಾಭರಣಕ್ಕೆ ಸಮ. ಸಂಗೀತ ಪಾಠದ ಮೊದಲ ದಿನ ಮಕ್ಕಳಿಗೆ ಸರಳೆ ವರಸೆ ಕಲಿಸುವ ಮಾಯಾಮಾಳವಗೌಳ ಅದರ ಪಕ್ಕದ, 15ನೆಯ ಮೇಳ. ಎರಡಕ್ಕೂ ಇರುವ ವ್ಯತ್ಯಾಸ ನಿಷಾದವೊಂದರಲ್ಲಿ ಮಾತ್ರ: ವಕುಲಾಭರಣದಲ್ಲಿ ಕೈಶಿಕಿ ನಿಷಾದ, ಮಾಯಾಮಾಳವಗೌಳದಲ್ಲಿ ಕಾಕಲಿ ನಿಷಾದ. ಈ ಪಾಠಕ್ರಮವನ್ನು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಪುರಂದರದಾಸರ ಹೆಸರಿನ ಮಂಟಪ ಹಂಪಿಯ ನದಿದಂಡೆಯಲ್ಲೇ ಇದೆ. ಆದರೂ ಸಾಮ್ಯ ಸ್ವರಸ್ಥಾನಗಳಿಗೆ ಮಾತ್ರ ಸೀಮಿತ. ರಾಗವನ್ನು ರಾಗವಾಗಿಸುವ ಗಮಕ, ಸಂಚಾರ, ನ್ಯಾಸಗಳು ಟ್ರಾನ್ಸಿನಲ್ಲಿ ಇಲ್ಲ. ಒಂದೇ ಚಿಕ್ಕ ಸ್ವರಗುಚ್ಛ ಹಲವು ಬಾರಿ ಮರಳುತ್ತದೆ, ಪ್ರತಿಸಲ ಬದಲಾಗುವುದು ಸ್ವರವಲ್ಲ, ನಾದದ ಬಣ್ಣ. ಹೀಗಾಗಿ ಇದನ್ನು ಭಾರತೀಯ ಸಂಗೀತದ ಶಾಖೆಯೆಂದು ಕರೆಯುವುದು ಸರಿಯಾಗದು.

'ಟ್ವಿಸ್ಟೆಡ್' ಆಲ್ಬಮ್

ಗೋವಾದಲ್ಲಿ ನುಡಿದ ಸಂಗೀತದ ಬಹುಭಾಗ ತಯಾರಾದದ್ದು ಯುರೋಪಿನ ಸ್ಟುಡಿಯೊಗಳಲ್ಲಿ. ಬ್ರಿಟಿಷ್ ರಾಕ್ ತಂಡ ಕಿಲ್ಲಿಂಗ್ ಜೋಕ್‌ನ ಬೇಸ್ ವಾದಕ ಮಾರ್ಟಿನ್ ಗ್ಲೋವರ್, 'ಯೂತ್' ಎಂಬ ಹೆಸರಿನಿಂದ ಪರಿಚಿತ, ಗೋವಾದ ಅನುಭವದಿಂದ ಪ್ರೇರಿತನಾಗಿ ಡ್ರ್ಯಾಗನ್‌ಫ್ಲೈ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದನು. ಅವನ ಸ್ಟುಡಿಯೊದಲ್ಲಿ ಧ್ವನಿತಂತ್ರಜ್ಞನಾಗಿದ್ದ ಸೈಮನ್ ಪೋಸ್ಫರ್ಡ್ (ಜನನ 1971) ಇತರರ ಕೃತಿಗಳನ್ನು ಮುದ್ರಿಸಿಕೊಡುತ್ತಲೇ ತನ್ನದೇ ಸಂಗೀತವನ್ನು ಕಟ್ಟಿದನು. 1995ರಲ್ಲಿ ಡ್ರ್ಯಾಗನ್‌ಫ್ಲೈ ಮೂಲಕ ಹೊರಬಂದ 'ಟ್ವಿಸ್ಟೆಡ್' ಅವನ ಮೊದಲ ಪೂರ್ಣ ಆಲ್ಬಮ್.

ಆಲ್ಬಮ್ 'ಎಲ್‌ಎಸ್‌ಡಿ' ಎಂಬ ಕೃತಿಯಿಂದ ಆರಂಭವಾಗುತ್ತದೆ. ಈ ಪ್ರಕಾರದ ಅತಿ ಪ್ರಸಿದ್ಧ ಕೃತಿಗಳಲ್ಲಿ ಇದೂ ಒಂದು. 'ಶಾಮಾನಿಕ್ಸ್', 'ಫ್ಲೂರೊ ನ್ಯೂರೊ ಸ್ಪಾಂಜ್', 'ಸಾಲ್‌ಸ್ಟಿಸ್', 'ಏಂಜೆಲಿಕ್ ಪಾರ್ಟಿಕಲ್ಸ್' ಆಲ್ಬಮ್ಮಿನ ಇತರ ಕೃತಿಗಳಲ್ಲಿ ಕೆಲವು. ಪೋಸ್ಫರ್ಡ್‌ನ ವೈಶಿಷ್ಟ್ಯ ಧ್ವನಿತಂತ್ರಜ್ಞನ ಕಿವಿಯಲ್ಲಿದೆ. ಹಲವು ಪದರಗಳು ಏಕಕಾಲದಲ್ಲಿ ಚಲಿಸಿದರೂ ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಎಡದಿಂದ ಬಲಕ್ಕೆ, ಹತ್ತಿರದಿಂದ ದೂರಕ್ಕೆ ನಾದ ಓಡಾಡುವಂತೆ ಭಾಸವಾಗುತ್ತದೆ. ಅದೇ ಕಾಲದ ಅನೇಕ ಗೋವಾ ಟ್ರಾನ್ಸ್ ಕೃತಿಗಳು ಇಂದು ಹಳತಾಗಿ ಕೇಳಿಸಿದರೂ 'ಟ್ವಿಸ್ಟೆಡ್' ಅಷ್ಟಾಗಿ ಮಾಸಿಲ್ಲ. ಕುಣಿತದ ಟೇಪಿಗಾಗಿ ಹುಟ್ಟಿದ ಬಿಡಿ ಕೃತಿಗಳು ಮನೆಯಲ್ಲಿ ಕುಳಿತು ಆದ್ಯಂತ ಕೇಳಬಹುದಾದ ಆಲ್ಬಮ್ ಆಗಬಲ್ಲವು ಎಂಬುದನ್ನು ತೋರಿಸಿದ ಕೃತಿಗಳಲ್ಲಿ ಇದು ಮೊದಲ ಸಾಲಿನದು.

1996ರಲ್ಲಿ ಪೋಸ್ಫರ್ಡ್ ಸಹಸ್ಥಾಪಕನಾಗಿ ಆರಂಭಿಸಿದ ಸಂಸ್ಥೆಗೂ ಟ್ವಿಸ್ಟೆಡ್ ರೆಕಾರ್ಡ್ಸ್ ಎಂದೇ ಹೆಸರಿಟ್ಟನು. ಎರಡನೆಯ ಆಲ್ಬಮ್ 'ದ ಲೋನ್ ಡಿರೇಂಜರ್' 1997ರಲ್ಲಿ ಬಂದಿತು. ಆಸ್ಟ್ರೇಲಿಯಾ ಮೂಲದ ಕೊಳಲುವಾದಕ ರಾಜಾ ರಾಮ್ (ಹುಟ್ಟುಹೆಸರು ರೊನಾಲ್ಡ್ ರಾತ್‌ಫೀಲ್ಡ್) ಜೊತೆ ಸೇರಿ ಅವನು ಕಟ್ಟಿದ 'ಶ್ಪಾಂಗಲ್' ತಂಡದ ಮೊದಲ ಆಲ್ಬಮ್ 1998ರದು. ಅದು ಕುಣಿತಕ್ಕಿಂತ ನಿಧಾನಗತಿಯ ಆಲಿಕೆಗೆ ಮೀಸಲಾದದ್ದು.

ಪ್ರಸಾರ

1994ರ ಡಿಸೆಂಬರಿನಲ್ಲಿ ಬ್ರಿಟಿಷ್ ಡಿಜೆ ಪಾಲ್ ಓಕನ್‌ಫೋಲ್ಡ್ ಬಿಬಿಸಿ ರೇಡಿಯೊ 1ರಲ್ಲಿ ನುಡಿಸಿದ 'ಗೋವಾ ಮಿಕ್ಸ್' ಈ ಸಂಗೀತವನ್ನು ವ್ಯಾಪಕ ಶ್ರೋತೃವರ್ಗಕ್ಕೆ ಮುಟ್ಟಿಸಿತು. ಇಸ್ರೇಲ್‌ನಲ್ಲಿ ಇದು ಇತರ ದೇಶಗಳಿಗಿಂತ ಆಳವಾಗಿ ಬೇರೂರಿತು. ಕಡ್ಡಾಯ ಸೈನ್ಯಸೇವೆ ಮುಗಿಸಿದ ಇಸ್ರೇಲಿ ಯುವಜನರು ಕೆಲವು ತಿಂಗಳು ಭಾರತದಲ್ಲಿ ಸುತ್ತಾಡುವುದು ರೂಢಿಯಾಗಿತ್ತು. ಆಸ್ಟ್ರಲ್ ಪ್ರೊಜೆಕ್ಷನ್, 'ದ ಗ್ಯಾದರಿಂಗ್' (1999) ಹಾಗೂ 'ಕ್ಲಾಸಿಕಲ್ ಮಶ್ರೂಮ್' (2000) ಆಲ್ಬಮ್‌ಗಳ ಇನ್ಫೆಕ್ಟೆಡ್ ಮಶ್ರೂಮ್ ಆ ದೇಶದ ಪ್ರಮುಖ ತಂಡಗಳು. ಪೋರ್ಚುಗಲ್ಲಿನ ಬೂಮ್, ಹಂಗೆರಿಯ ಓಜೋರಾ ಉತ್ಸವಗಳು ಇಂದು ಈ ಸಂಗೀತದ ದೊಡ್ಡ ಕೂಟಗಳು. ಫುಲ್-ಆನ್, ಡಾರ್ಕ್, ಫಾರೆಸ್ಟ್, ಪ್ರೊಗ್ರೆಸಿವ್ ಮುಂತಾದ ಉಪಪ್ರಕಾರಗಳು ವೇಗ ಮತ್ತು ನಾದದ ಗಾಢತೆಯಲ್ಲಿ ಪರಸ್ಪರ ಭಿನ್ನವಾಗಿವೆ.

ಗೋಕರ್ಣ ಮತ್ತು ಹಂಪಿ

ಗೋವಾದಲ್ಲಿ ಜನದಟ್ಟಣೆ ಹೆಚ್ಚಿದಂತೆ ಪ್ರವಾಸಿಗರಲ್ಲಿ ಒಂದು ವರ್ಗ ದಕ್ಷಿಣಕ್ಕೆ ಉತ್ತರ ಕನ್ನಡದ ಗೋಕರ್ಣಕ್ಕೂ, ಪೂರ್ವಕ್ಕೆ ಹಂಪಿಗೂ ಚಲಿಸಿತು. ಗೋಕರ್ಣದಲ್ಲಿ ಕುಡ್ಲೆ ಮತ್ತು ಓಂ ತೀರಗಳು ಅವರ ನೆಲೆಯಾದವು. ಹಂಪಿಗೆ ಹೋಗುವ ದಾರಿ ರೈಲು: ವಾಸ್ಕೊದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ಮಾರ್ಗವಾಗಿ ಹೊಸಪೇಟೆ. ಹೊಸಪೇಟೆ, ಮಲಪನಗುಡಿ, ಕಮಲಾಪುರಗಳ ಕಡೆಯಿಂದ ಹಂಪಿಗೆ ಬಂದವರು ವಿರೂಪಾಕ್ಷ ದೇವಾಲಯದ ಬಳಿಯ ಘಟ್ಟದಲ್ಲಿ ದೋಣಿ ಅಥವಾ ಹರಿಗೋಲು ಹತ್ತಿ ತುಂಗಭದ್ರೆಯನ್ನು ದಾಟಿದರೆ ವಿರೂಪಾಪುರ ಗಡ್ಡೆ.

ಗಡ್ಡೆ ಎಂದರೆ ಹೊಳೆಯ ನಡುವಿನ ನೆಲ. ಗಂಗಾವತಿ ತಾಲ್ಲೂಕಿನ ಈ ಗಡ್ಡೆ ಕೊಪ್ಪಳ ಜಿಲ್ಲೆಗೆ ಸೇರಿದೆ. ಎದುರಿನ ಹಂಪಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಈ ಅಂತರ ನಕಾಶೆಯದಷ್ಟೇ ಅಲ್ಲ. ದೇವಸ್ಥಾನದ ಊರಾದ ಹಂಪಿಯಲ್ಲಿ ಮದ್ಯ ಮಾಂಸಗಳಿಗೆ ಅವಕಾಶವಿರಲಿಲ್ಲ, ಆಚೆದಂಡೆಯಲ್ಲಿ ಅಂತಹ ಕಟ್ಟುಪಾಡು ಸಡಿಲ. ಸಂಜೆ ದೋಣಿ ನಿಂತ ಮೇಲೆ ರಸ್ತೆಯಲ್ಲಿ ಬಹುದೂರ ಸುತ್ತಿ ಬರಬೇಕಾದುದರಿಂದ, ದಾಟಿದವರು ರಾತ್ರಿ ಅಲ್ಲಿಯೇ ಉಳಿಯುತ್ತಿದ್ದರು. ಬತ್ತದ ಗದ್ದೆಗಳ ಅಂಚಿನಲ್ಲಿ ಗುಡಿಸಲುಗಳು, ವಸತಿಗೃಹಗಳು, ನೆಲದ ಮೇಲೆ ಹಾಸಿಗೆ ಹಾಕಿದ ಹೋಟೆಲುಗಳು ಎದ್ದವು. ಹೋಟೆಲುಗಳ ಫಲಕಗಳಲ್ಲಿ ಇಂಗ್ಲಿಷಿನ ಪಕ್ಕದಲ್ಲಿ ಹೀಬ್ರೂ ಅಕ್ಷರಗಳು ಕಾಣಿಸಿದವು. ಪ್ರವಾಸಿ ಕೈಪಿಡಿಗಳು ಊರಿಗೆ 'ಹಿಪ್ಪಿ ದ್ವೀಪ' ಎಂದು ಹೆಸರಿಟ್ಟವು.

ಗೋವಾದಂತೆ ಸಾವಿರಾರು ಜನರ ನೃತ್ಯಕೂಟಗಳಿಗಿಂತ, ಹೋಟೆಲುಗಳ ಧ್ವನಿವರ್ಧಕದಲ್ಲಿ ದಿನವಿಡೀ ಹರಿಯುವ ಟ್ರಾನ್ಸ್, ಹೆಬ್ಬಂಡೆಗಳ ಮೇಲೆ ಸೂರ್ಯಾಸ್ತದ ಹೊತ್ತಿಗೆ ಸೇರುವ ಸಣ್ಣ ಗುಂಪುಗಳ ವಾದನ ಗಡ್ಡೆಯ ಚಿತ್ರವಾಗಿತ್ತು. ಊರಿನವರಿಗೆ ಇದು ದುಡಿಮೆ. ದೋಣಿಯವರು, ಅಡುಗೆಯವರು, ಬಾಡಿಗೆ ಮೊಪೆಡ್ ಕೊಡುವವರು, ಜಮೀನಿನಲ್ಲಿ ಗುಡಿಸಲು ಕಟ್ಟಿಸಿದ ರೈತರು ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಹಂಗಾಮನ್ನು ನೆಚ್ಚಿದ್ದರು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಗಡ್ಡೆಯ ಸಂಪರ್ಕ ಕಡಿದುಹೋಗುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ಸಿಲುಕಿದ ನೂರಾರು ಮಂದಿಯನ್ನು ರಕ್ಷಣಾ ಪಡೆಗಳು ಹೊರತಂದವು.

ಕಾನೂನು ಮತ್ತು ತೆರವು

ಈ ಸಂಗೀತದ ಕೂಟಗಳು ಭಾರತದಲ್ಲಿ ಮೂರು ಬಗೆಯ ಕಾನೂನುಗಳಿಗೆ ಎದುರಾಗಿವೆ. ಮೊದಲನೆಯದು 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ. ಎಲ್‌ಎಸ್‌ಡಿ, ಚರಸ್, ಗಾಂಜಾಗಳನ್ನು ಇಟ್ಟುಕೊಳ್ಳುವುದು ಇದರ ಅನ್ವಯ ಅಪರಾಧ. ಎರಡನೆಯದು 2000ದ ಶಬ್ದಮಾಲಿನ್ಯ ನಿಯಮಗಳು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ಇವು ನಿಷೇಧಿಸುತ್ತವೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ರಾತ್ರಿಯಿಂದ ಸೂರ್ಯೋದಯದವರೆಗಿನ ಏರಿಳಿತವನ್ನೇ ಆಧರಿಸಿ ಬೆಳೆದ ಸಂಗೀತಕ್ಕೆ ಇದು ಮಾದಕವಸ್ತು ಕಾಯ್ದೆಗಿಂತ ಹೆಚ್ಚಿನ ತಡೆಯಾಯಿತು. ಗೋವಾದಲ್ಲಿ ಕೂಟಗಳು ಹಗಲಿಗೂ ಒಳಾಂಗಣಕ್ಕೂ ಸರಿದವು.

ಮೂರನೆಯದು ಹಂಪಿಗೆ ವಿಶಿಷ್ಟವಾದದ್ದು, ಪರಂಪರೆಯ ರಕ್ಷಣೆ. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿ ಬಳಿ ಸೇತುವೆ ನಿರ್ಮಾಣದ ಕಾರಣ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದವು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯ್ದೆ 2002ರದು. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು ತೆರವುಗೊಳಿಸಲಾಯಿತು. ಆಚೆದಂಡೆಯ ಕಟ್ಟಡಗಳ ವಿವಾದದಲ್ಲಿ ಕರ್ನಾಟಕ ಹೈಕೋರ್ಟ್ 2015ರಲ್ಲಿ ತೆರವಿನ ಪರವಾಗಿ ತೀರ್ಪಿತ್ತಿತು. ಮಾಲೀಕರ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ತಿರಸ್ಕರಿಸಿತು. ಮಾರ್ಚ್ ಮೊದಲ ವಾರದಲ್ಲಿ ವಿರೂಪಾಪುರ ಗಡ್ಡೆಯ ವಸತಿಗೃಹ ಹಾಗೂ ಹೋಟೆಲುಗಳನ್ನು ಕೆಡವಲಾಯಿತು. ಅದೇ ತಿಂಗಳ ಕೊನೆಗೆ ಕೊರೊನಾ ಲಾಕ್‌ಡೌನ್ ಆರಂಭವಾಯಿತು.

ಗಡ್ಡೆಯ ತೆರವನ್ನು ರೇವ್ ಪಾರ್ಟಿಗಳ ವಿರುದ್ಧದ ಕ್ರಮವೆಂದು ಹಲವೆಡೆ ಬಣ್ಣಿಸಲಾಗಿದೆ. ನ್ಯಾಯಾಲಯದ ಮುಂದೆ ಇದ್ದ ಪ್ರಶ್ನೆ ಸಂಗೀತದ್ದಲ್ಲ, ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳದು. ಹೀಗಾಗಿ ಟ್ರಾನ್ಸ್ ನುಡಿಸಿದ ಹೋಟೆಲಿಗೂ ಎಂದೂ ನುಡಿಸದ ಹೋಟೆಲಿಗೂ ಒಂದೇ ಗತಿಯಾಯಿತು. ಪ್ರವಾಸಿಗರು ಮುಂದಿನ ಊರಿಗೆ ಹೋದರು, ನಷ್ಟ ಬಹುಪಾಲು ಗಡ್ಡೆಯ ನಿವಾಸಿಗಳದಾಯಿತು. ಆನಂತರ ಉತ್ತರದಂಡೆಯ ಪ್ರವಾಸಿ ವಸತಿಗಳು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳ ಕಡೆಗೆ ಸರಿದಿವೆ.